ಸಿ. ರಂಗರಾಜನ್: ಅಡ್‌ಹಾಕ್ ಬಿಲ್ ಅರ್ಥವಾದರೆ ಇವರ ವೃತ್ತಿಜೀವನವೂ ಅರ್ಥವಾದೀತು

ಇಸವಿಗಳನ್ನು ಮೊದಲು ಮುಗಿಸಿಬಿಡೋಣ. ಅರ್ಥಶಾಸ್ತ್ರಜ್ಞ ರಂಗರಾಜನ್ ಅವರದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಿಎಚ್‌ಡಿ, ಅಹಮದಾಬಾದ್ ಐಐಎಂನಲ್ಲಿ ಅಧ್ಯಾಪನ. 1982ರಿಂದ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್, 1992ರ ಡಿಸೆಂಬರ್‌ನಿಂದ 1997ರ ನವೆಂಬರ್‌ವರೆಗೆ ಗವರ್ನರ್. ನಂತರ ಆಂಧ್ರಪ್ರದೇಶದ ರಾಜ್ಯಪಾಲ, 12ನೇ ಹಣಕಾಸು ಆಯೋಗದ (ಕೇಂದ್ರ-ರಾಜ್ಯಗಳ ನಡುವೆ ತೆರಿಗೆ ಹಂಚಿಕೆಯನ್ನು ಶಿಫಾರಸು ಮಾಡುವ ಆಯೋಗ) ಅಧ್ಯಕ್ಷ, ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಅಧ್ಯಕ್ಷ.

ಈ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು. ಬ್ಯಾಂಕಿನಲ್ಲಿದ್ದಾಗಲೂ ಆಯೋಗದಲ್ಲಿದ್ದಾಗಲೂ ಅವರ ಮುಂದಿದ್ದ ಪ್ರಶ್ನೆ ಒಂದೇ: ಸರ್ಕಾರದ ಕೊರತೆಯನ್ನು ಯಾರು ತುಂಬಬೇಕು?

1955ರಿಂದ ಇದ್ದ ಏರ್ಪಾಡು ಹೀಗಿತ್ತು: ರಿಸರ್ವ್ ಬ್ಯಾಂಕಿನಲ್ಲಿ ಕೇಂದ್ರದ ಶಿಲ್ಕು ಕನಿಷ್ಠ ಮಿತಿಗಿಂತ ಇಳಿದರೆ 91 ದಿನದ ಅಡ್‌ಹಾಕ್ ಟ್ರೆಷರಿ ಬಿಲ್ (ಸರ್ಕಾರ ಬರೆದುಕೊಟ್ಟು ರಿಸರ್ವ್ ಬ್ಯಾಂಕೇ ಕೊಳ್ಳುತ್ತಿದ್ದ ಅಲ್ಪಾವಧಿ ಸಾಲಪತ್ರ) ತಾನಾಗಿಯೇ ಹುಟ್ಟಿಕೊಳ್ಳುತ್ತಿತ್ತು. 1974ರಿಂದ ಅದರ ಬಡ್ಡಿದರ ಶೇಕಡಾ 4.6ಕ್ಕೇ ನಿಂತಿತ್ತು. "ಇದರಿಂದ ನೋಟು ಮುದ್ರಣವಾಗುತ್ತದೆ" ಎಂದು ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಆ ಸಾಲಿನಲ್ಲೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

100 ಕೋಟಿಯ ಬಿಲ್ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ಆಸ್ತಿ ಕಡೆ ಬಿಲ್ 100, ಹೊಣೆ ಕಡೆ ಸರ್ಕಾರದ ಠೇವಣಿ 100. ಇನ್ನೂ ಹೊಸ ಹಣ ಹುಟ್ಟಿಲ್ಲ! ಸರ್ಕಾರದ ಠೇವಣಿ ಮೀಸಲು ಹಣದ (ಚಲಾವಣೆಯಲ್ಲಿರುವ ನೋಟು-ನಾಣ್ಯ, ಜೊತೆಗೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿಟ್ಟ ಶಿಲ್ಕು) ಲೆಕ್ಕಕ್ಕೆ ಸೇರುವುದೇ ಇಲ್ಲ. ಸರ್ಕಾರ ಸಂಬಳ ಕೊಟ್ಟ ದಿನ ಆ ಠೇವಣಿ 0 ಆಗುತ್ತದೆ, ವಾಣಿಜ್ಯ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿಟ್ಟ ಶಿಲ್ಕು 100 ಏರುತ್ತದೆ. ಮೀಸಲು ಹಣ ಹೆಚ್ಚಾದದ್ದು ಈಗ.

ಅದೇ ಬಿಲ್ಲನ್ನು ಒಂದು ವಾಣಿಜ್ಯ ಬ್ಯಾಂಕ್ ಕೊಂಡಿದ್ದರೆ? ಕೊಳ್ಳುವಾಗ ಬ್ಯಾಂಕುಗಳ ಶಿಲ್ಕು 100 ಇಳಿಯುತ್ತದೆ, ಸಂಬಳದ ದಿನ 100 ಏರುತ್ತದೆ. ನಿವ್ವಳ ಸೊನ್ನೆ. ನನ್ನ ಸುಲಭದ ದಾರಿ ಇಷ್ಟೇ: "ಬಿಲ್ ಕೊಂಡವರು ಯಾರು?" ಎಂದು ಮೊದಲು ಕೇಳಿ, ಆಮೇಲೆ ಖರ್ಚಿನ ದಿನದವರೆಗೆ ಲೆಕ್ಕ ಎಳೆಯಿರಿ.

91 ದಿನ ಅನ್ನುವುದು ಹೆಸರಿಗೆ ಮಾತ್ರ. ಬಿಲ್‌ಗಳು ನವೀಕರಣವಾಗುತ್ತಲೇ ಇದ್ದವು, ಹಳೆಯವು ಅವಧಿಯೇ ಇಲ್ಲದ ವಿಶೇಷ ಪತ್ರಗಳಾದವು. ಅಂದರೆ ಹೀಗೆ ಹುಟ್ಟಿದ ಹಣ ಹಿಂದಕ್ಕೆ ಹೋಗುತ್ತಿರಲಿಲ್ಲ.

ರಂಗರಾಜನ್ ಗವರ್ನರ್ ಆಗಿದ್ದಾಗ, 1994ರ ಸೆಪ್ಟೆಂಬರ್‌ನಲ್ಲಿ ಸರ್ಕಾರದೊಂದಿಗೆ ಒಪ್ಪಂದವಾಯಿತು. 1994-95ರ ವರ್ಷಾಂತ್ಯಕ್ಕೆ ಹೊಸದಾಗಿ ಸೇರುವ ನಿವ್ವಳ ಅಡ್‌ಹಾಕ್ 6,000 ಕೋಟಿ ಮೀರುವಂತಿಲ್ಲ, ಮೂರು ವರ್ಷದಲ್ಲಿ ಪದ್ಧತಿಯೇ ನಿಲ್ಲಬೇಕು. 1997ರ ಮಾರ್ಚ್‌ನಲ್ಲಿ ಎರಡನೇ ಒಪ್ಪಂದ, ಏಪ್ರಿಲ್ 1ರಿಂದ ಅಡ್‌ಹಾಕ್ ಬಂದ್. ರೂಪಾಯಿ ಪರಿವರ್ತನೆಗಿಂತಲೂ (ರೂಪಾಯಿಯನ್ನು ವಿದೇಶಿ ಹಣಕ್ಕೆ ಬದಲಿಸಿಕೊಳ್ಳಲು ಕೊಟ್ಟ ಅವಕಾಶ) ಅವರ ದೊಡ್ಡ ಕೆಲಸ ಇದೇ ಎಂದು ನನಗನ್ನಿಸುತ್ತದೆ.

ಅದರ ಜಾಗಕ್ಕೆ ಬಂದದ್ದು 'ವೇಸ್ ಅಂಡ್ ಮೀನ್ಸ್' ಮುಂಗಡ, ಅಂದರೆ ಸರ್ಕಾರದ ತಾತ್ಕಾಲಿಕ ಕೈಸಾಲ. ಇದೂ ರಿಸರ್ವ್ ಬ್ಯಾಂಕಿನ ಸಾಲವೇ ತಾನೆ? ಹೌದು, ಖರ್ಚಾದ ದಿನ ಮೀಸಲು ಹಣ ಇದರಿಂದಲೂ ಏರುತ್ತದೆ. ಆದರೆ ಇದಕ್ಕೆ ಮಿತಿಯಿದೆ, ಮೂರು ತಿಂಗಳೊಳಗೆ ತೀರಿಸಬೇಕು. ತೀರಿಸಿದಾಗ ಆ ಹಣ ವಾಪಸ್ ಹೋಗುತ್ತದೆ.

12ನೇ ಹಣಕಾಸು ಆಯೋಗದಲ್ಲಿ ಇದೇ ಶಿಸ್ತು ರಾಜ್ಯಗಳ ಕಡೆ ತಿರುಗಿತು: ವಿತ್ತೀಯ ಹೊಣೆಗಾರಿಕೆ ಕಾಯ್ದೆ (ಕೊರತೆಗೆ ಕಡಿವಾಣ ಹಾಕುವ ಕಾನೂನು) ತಂದ ರಾಜ್ಯಕ್ಕೆ ಮಾತ್ರ ಕೇಂದ್ರದ ಸಾಲದಲ್ಲಿ ಪರಿಹಾರ. ಕರ್ನಾಟಕ ಅಂಥ ಕಾಯ್ದೆಯನ್ನು 2002ರಲ್ಲೇ, ಕೇಂದ್ರಕ್ಕಿಂತ ಮೊದಲೇ, ಮಾಡಿಕೊಂಡಿತ್ತು.