ಮುವಾಯ್ ಥಾಯ್‌ನಲ್ಲಿ ನನಗೊಪ್ಪುವ ಶೈಲಿ ಯಾವುದು, ಅದರ ಅಭ್ಯಾಸ ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಜಿಮ್ ಒಂದರಲ್ಲಿ ಮುವಾಯ್ ಥಾಯ್ ಕಲಿಯುತ್ತಿದ್ದೇನೆ. ಎತ್ತರ ಆರಡಿ, ಮೈ ತೆಳು. ಥಾಯ್ಲೆಂಡ್‌ನ ಹೋರಾಟಗಾರರಲ್ಲಿ ಬೇರೆ ಬೇರೆ ಶೈಲಿಗಳಿವೆ ಎಂದು ಕೇಳಿದ್ದೇನೆ. ಅವು ಯಾವುವು? ನಾನು ಯಾವುದನ್ನು ಆರಿಸಿಕೊಳ್ಳಬೇಕು, ಅದಕ್ಕೆ ಅಭ್ಯಾಸ ಹೇಗಿರಬೇಕು?

ಉತ್ತರ: ಮೊದಲು ‘ಆರಿಸಿಕೊಳ್ಳುವುದು’ ಎಂಬ ಮಾತನ್ನು ಸ್ವಲ್ಪ ಬದಿಗಿಡೋಣ. ಥಾಯ್ಲೆಂಡ್‌ನ ತರಬೇತಿ ಶಿಬಿರಗಳಲ್ಲಿ ಏಳೆಂಟು ವರ್ಷಕ್ಕೇ ಕೈಗೆ ಗ್ಲೌಸ್ ಹಾಕುವ ಹುಡುಗರು ಎಲ್ಲರೂ ಒಂದೇ ಪಾಠ ಕಲಿಯುತ್ತಾರೆ. ಗುದ್ದು, ಒದೆ, ಮೊಣಕೈ, ಮೊಣಕಾಲು, ಎದುರಾಳಿಯನ್ನು ಅಂಗಾಲಿನಿಂದ ತಳ್ಳುವ ‘ತೀಪ್’, ಕುತ್ತಿಗೆ ಹಿಡಿದು ಸೆಣಸುವ ಕ್ಲಿಂಚ್ ಇವೆಲ್ಲವೂ ಎಲ್ಲರಿಗೂ ಕಡ್ಡಾಯ. ಕೆಲವು ವರ್ಷಗಳಾದ ಮೇಲೆ ಹುಡುಗನ ಮೈಕಟ್ಟು, ಅವನ ಸ್ವಭಾವ, ಪೆಟ್ಟು ಬಿದ್ದಾಗ ಅವನು ಮುಂದೆ ನುಗ್ಗುತ್ತಾನೋ ಹಿಂದೆ ಸರಿದು ಯೋಚಿಸುತ್ತಾನೋ ಎಂಬುದನ್ನು ನೋಡಿ ತರಬೇತುದಾರ ಒಂದು ದಾರಿಗೆ ಹಚ್ಚುತ್ತಾನೆ. ಹೀಗೆ ಬೇರೂರಿದ ಶೈಲಿಗಳಲ್ಲಿ ಮುಖ್ಯವಾದವು ಮೂರು: ಚಾತುರ್ಯವನ್ನು ನಂಬಿದ ‘ಮುವಾಯ್ ಫೀಮೂ’, ಮೊಣಕಾಲನ್ನು ನಂಬಿದ ‘ಮುವಾಯ್ ಖಾವ್’, ಮುಷ್ಟಿಯನ್ನು ನಂಬಿದ ‘ಮುವಾಯ್ ಮತ್’. ಒದೆಯನ್ನೇ ಮುಖ್ಯ ಅಸ್ತ್ರ ಮಾಡಿಕೊಂಡವರನ್ನು ‘ಮುವಾಯ್ ತೆ’ ಎಂದೂ, ಬಿಡುವು ಕೊಡದೆ ಮೇಲೆ ಬೀಳುತ್ತಲೇ ಇರುವವರನ್ನು ‘ಮುವಾಯ್ ಬುಕ್’ ಎಂದೂ ಕರೆಯುವುದುಂಟು. ಒಬ್ಬನೇ ಹೋರಾಟಗಾರನಲ್ಲಿ ಎರಡು ಶೈಲಿಗಳು ಬೆರೆತಿರುವುದೇ ಹೆಚ್ಚು.

ಶೈಲಿ ಏಕೆ ಹೀಗೆ ಒಡೆಯುತ್ತದೆ ಎಂದು ತಿಳಿಯಬೇಕಾದರೆ ಅಂಕ ಕೊಡುವ ಪದ್ಧತಿಯನ್ನು ತಿಳಿಯಬೇಕು. ಬ್ಯಾಂಕಾಕ್‌ನ ಎರಡು ಹೆಸರಾಂತ ಕ್ರೀಡಾಂಗಣಗಳಾದ ರಾಜದಮ್ನೆರ್ನ್ (1945) ಮತ್ತು ಲುಂಪಿನಿಗಳಲ್ಲಿ (1956) ಬೆಳೆದುಬಂದ ಪಂದ್ಯ ಮೂರು ನಿಮಿಷಗಳ ಐದು ಸುತ್ತುಗಳದ್ದು, ನಡುವೆ ಎರಡು ನಿಮಿಷಗಳ ವಿರಾಮ. ಮೊದಲೆರಡು ಸುತ್ತುಗಳು ಪರಸ್ಪರ ಅಳೆದು ನೋಡುವುದರಲ್ಲೇ ಕಳೆಯುತ್ತವೆ, ಮೂರನೆಯದು ಮತ್ತು ನಾಲ್ಕನೆಯದು ಪಂದ್ಯವನ್ನು ತೀರ್ಮಾನಿಸುತ್ತವೆ, ಐದನೆಯದರಲ್ಲಿ ಮುಂದಿರುವವನು ದೂರ ಸರಿದು ಸಮಯ ಕಳೆಯುವುದೂ ಸಾಮಾನ್ಯ. ಪಕ್ಕೆಗೆ ಬಿದ್ದ ಒದೆಗೆ ಮತ್ತು ಮೊಣಕಾಲಿನ ಹೊಡೆತಕ್ಕೆ ದೊಡ್ಡ ಬೆಲೆಯಿದೆ. ಎದುರಾಳಿ ಕಣ್ಣಿಗೆ ಕಾಣುವಂತೆ ತತ್ತರಿಸದ ಹೊರತು ಗುದ್ದಿಗೆ ಅಷ್ಟು ಬೆಲೆಯಿಲ್ಲ. ಹೊಡೆದವನು ತನ್ನ ಸಮತೋಲನ ಕಳೆದುಕೊಂಡರೆ ಆ ಹೊಡೆತದ ತೂಕವೂ ಇಳಿಯುತ್ತದೆ. ಪಾಶ್ಚಾತ್ಯ ಬಾಕ್ಸಿಂಗ್ ನೋಡಿ ಅಭ್ಯಾಸವಾದ ಕಣ್ಣಿಗೆ ಬ್ಯಾಂಕಾಕ್‌ನ ಫಲಿತಾಂಶಗಳು ವಿಚಿತ್ರವಾಗಿ ಕಾಣುವುದು ಇದೇ ಕಾರಣಕ್ಕೆ.

ನಿಮ್ಮ ಮೈಕಟ್ಟನ್ನು ಕೇಳಿದ ಯಾವ ತರಬೇತುದಾರನೂ ಮೊದಲು ನೆನೆಯುವುದು ಮುವಾಯ್ ಖಾವ್ ಅನ್ನು. ಈ ಶೈಲಿಯ ಹೆಸರೆತ್ತಿದರೆ ಡೀಸೆಲ್‌ನೋಯ್ ಚೋರ್ ತನಸುಕಾರ್ನ್ ನೆನಪಾಗದೆ ಇರಲಾರರು. ಸುಮಾರು 61 ಕಿಲೋ ತೂಕದ ವಿಭಾಗದಲ್ಲಿ ಆರಡಿಗೂ ಮೀರಿದ ಎತ್ತರವಿದ್ದ ಅವರು 1980ರ ದಶಕದ ಆರಂಭದಲ್ಲಿ ಲುಂಪಿನಿಯ ಚಾಂಪಿಯನ್ ಆಗಿದ್ದರು. ಕೊನೆಗೆ ಅವರೆದುರು ನಿಲ್ಲಲು ಯಾರೂ ಸಿಗದಂತಾಯಿತು. ಆದರೆ ಎತ್ತರವೊಂದೇ ಅವರನ್ನು ಗೆಲ್ಲಿಸಿತು ಎಂದುಕೊಂಡರೆ ತಪ್ಪಾಗುತ್ತದೆ. ಮುವಾಯ್ ಖಾವ್‌ನ ಬಂಡವಾಳ ದಮ್ಮು. ಎದುರಾಳಿಯನ್ನು ಮೊದಲ ಸುತ್ತಿನಿಂದಲೂ ಒತ್ತುತ್ತ, ಹಗ್ಗದ ಕಡೆಗೆ ಸರಿಸುತ್ತ, ಮೂರನೆಯ ಸುತ್ತಿನ ಹೊತ್ತಿಗೆ ಅವನು ಏದುಸಿರು ಬಿಡುವಾಗ ಕುತ್ತಿಗೆ ಹಿಡಿಯುವುದು ಈ ಶೈಲಿಯ ಲೆಕ್ಕಾಚಾರ.

ಹಿಡಿತದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಕೈಗಳು ಎದುರಾಳಿಯ ಕೈಗಳ ಒಳಗಡೆಯಿಂದ ಹೋಗಿ ಅವನ ತಲೆಯ ಹಿಂಭಾಗವನ್ನು ಹಿಡಿಯಬೇಕು, ಕುತ್ತಿಗೆಯ ಬುಡವನ್ನಲ್ಲ. ಬುಡ ಹಿಡಿದರೆ ಅವನು ನೆಟ್ಟಗೆ ನಿಂತೇ ಇರುತ್ತಾನೆ. ಬೆರಳುಗಳನ್ನು ಹೆಣೆಯದೆ ಒಂದು ಅಂಗೈಯನ್ನು ಇನ್ನೊಂದರ ಮೇಲಿಟ್ಟು, ಎರಡೂ ಮೊಣಕೈಗಳನ್ನು ಅವನ ಕೊರಳೆಲುಬಿಗೆ ಒತ್ತಿ ಬಿಗಿ ಮಾಡಬೇಕು. ನಿಮ್ಮ ಸೊಂಟ ಅವನ ಸೊಂಟಕ್ಕೆ ಹತ್ತಿರವಿದ್ದರೆ ಅವನ ಮೊಣಕಾಲಿಗೆ ಏಳಲು ಜಾಗ ಸಿಗುವುದಿಲ್ಲ. ಹೊಡೆಯುವ ಕ್ಷಣದಲ್ಲಷ್ಟೇ ಸೊಂಟವನ್ನು ಹಿಂದೆಳೆದು, ನಿಂತ ಕಾಲಿನ ತುದಿಬೆರಳ ಮೇಲೆ ಏರಿ, ಅವನ ತಲೆಯನ್ನು ಪಕ್ಕಕ್ಕೆ ತಿರುವುತ್ತ, ತೆರೆದುಕೊಂಡ ಪಕ್ಕೆಲುಬಿಗೆ ಮೊಣಕಾಲನ್ನು ನುಗ್ಗಿಸಬೇಕು. ನಮ್ಮ ಗರಡಿಯಲ್ಲಿ ಕುಸ್ತಿ ಮಾಡಿದವರಿಗೆ ಕುತ್ತಿಗೆಯ ಬಲ, ಎದುರಾಳಿಯ ಭಾರ ಎತ್ತ ವಾಲುತ್ತಿದೆ ಎಂಬ ಅರಿವು ಇವೆರಡೂ ಮೊದಲೇ ಒಲಿದಿರುತ್ತವೆ. ಆದರೆ ತಲೆ ತಗ್ಗಿಸಿ ಕಾಲಿಗೆ ಕೈಹಾಕುವ ಅವರ ಅಭ್ಯಾಸ ಇಲ್ಲಿ ಅಪಾಯಕಾರಿ, ಏಕೆಂದರೆ ತಗ್ಗಿದ ಮುಖಕ್ಕೆ ನೇರವಾಗಿ ಮೊಣಕಾಲು ಬಂದು ಬಡಿಯುತ್ತದೆ.

ಇದಕ್ಕೆ ತಕ್ಕ ಅಭ್ಯಾಸವೂ ದಮ್ಮಿನಿಂದಲೇ ಶುರುವಾಗುತ್ತದೆ. ಥಾಯ್ ಶಿಬಿರಗಳಲ್ಲಿ ಬೆಳಕು ಹರಿಯುವ ಮೊದಲೇ ಎಂಟು ಹತ್ತು ಕಿಲೋಮೀಟರ್ ಓಡುವುದು ವಾಡಿಕೆ. ತರಬೇತುದಾರ ಹಿಡಿದ ಪ್ಯಾಡಿಗೆ ಹೊಡೆಯುವ ಅಭ್ಯಾಸದ ನಂತರ ಅರ್ಧ ಗಂಟೆಗೆ ಕಡಿಮೆಯಿಲ್ಲದ ಕ್ಲಿಂಚ್, ಕೊನೆಯಲ್ಲಿ ಬ್ಯಾಗಿಗೆ ನೂರಾರು ಮೊಣಕಾಲಿನ ಹೊಡೆತಗಳು ಇರುತ್ತವೆ. ಫಿಟ್‌ನೆಸ್‌ಗಾಗಿ ನಡೆಯುವ ನಮ್ಮೂರಿನ ಹಲವು ತರಗತಿಗಳಲ್ಲಿ ಕ್ಲಿಂಚ್‌ಗೆ ಸಿಗುವುದು ಕೊನೆಯ ಐದು ನಿಮಿಷ, ಅದೂ ಸಿಕ್ಕರೆ. ನನ್ನ ಅಭಿಪ್ರಾಯದಲ್ಲಿ ನಮ್ಮಲ್ಲಿ ಈ ಕಲೆಯ ಕಲಿಕೆಗಿರುವ ದೊಡ್ಡ ಕೊರತೆ ಇದೇ. ನಿಮಗಿಂತ ಗಿಡ್ಡ, ನಿಮಗಿಂತ ಭಾರ, ನಿಮಗಿಂತ ಅನುಭವಿ ಹೀಗೆ ಮೂರು ಬಗೆಯ ಜೊತೆಗಾರರೊಡನೆ ವಾರಕ್ಕೆ ಮೂರು ದಿನವಾದರೂ ಹಿಡಿತದ ಅಭ್ಯಾಸ ಮಾಡದೆ ಮುವಾಯ್ ಖಾವ್ ಎಂಬ ಹೆಸರು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಮುವಾಯ್ ಫೀಮೂ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ದೂರವನ್ನು ಕಾಯುವುದು, ಲಯವನ್ನು ಮುರಿಯುವುದು, ಎದುರಾಳಿ ಹೊಡೆಯಲು ಹೊರಟ ಕ್ಷಣದಲ್ಲೇ ಅವನ ಕಾಲಿಗೆ ಅಥವಾ ಹೊಟ್ಟೆಗೆ ತೀಪ್ ಕೊಟ್ಟು ನಿಲ್ಲಿಸುವುದು, ಅವನ ಒದೆಯಿಂದ ಅರ್ಧ ಹೆಜ್ಜೆ ಹಿಂದೆ ಬಾಗಿ ಮರುಕ್ಷಣವೇ ತಾನು ಒದೆಯುವುದು ಇದರ ಲಕ್ಷಣಗಳು. ಸಮಾರ್ಟ್ ಪಯಕರೂನ್ ಇದರ ಶಿಖರ ಎಂಬ ಮಾತಿಗೆ ಥಾಯ್ಲೆಂಡ್‌ನಲ್ಲಿ ಹೆಚ್ಚು ವಿರೋಧವಿಲ್ಲ. ಲುಂಪಿನಿಯ ನಾಲ್ಕು ತೂಕ ವಿಭಾಗಗಳಲ್ಲಿ ಗೆದ್ದ ಅವರು 1986ರಲ್ಲಿ ವಿಶ್ವ ಬಾಕ್ಸಿಂಗ್ ಮಂಡಳಿಯ (ಡಬ್ಲ್ಯುಬಿಸಿ) ವಿಶ್ವ ಪಟ್ಟವನ್ನೂ ಗಳಿಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಥಾಯ್ಲೆಂಡ್‌ಗೆ ಮೊದಲ ಚಿನ್ನ ತಂದ ಬಾಕ್ಸರ್ ಸೋಮ್ರಾಕ್ ಖಾಮ್‌ಸಿಂಗ್ ಕೂಡ ಇದೇ ಪಂಥದವರು. ಇದರ ಅಭ್ಯಾಸದಲ್ಲಿ ಬ್ಯಾಗಿಗಿಂತ ಜೊತೆಗಾರ ಮುಖ್ಯ. ಬಲ ಹಾಕದೆ, ನಗುನಗುತ್ತಲೇ ಆಡುವಂಥ ಹಗುರ ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಸೆಣಸಾಟ) ದಿನವೂ ಬೇಕು. ಒಂದು ಸುತ್ತು ಪೂರ್ತಿ ತೀಪ್ ಮಾತ್ರ, ಇನ್ನೊಂದು ಸುತ್ತು ಎದುರಾಳಿ ಹೊಡೆದ ಮೇಲಷ್ಟೇ ಹೊಡೆಯಬೇಕು ಎಂಬಂಥ ಕಟ್ಟಳೆಗಳನ್ನು ಹಾಕಿಕೊಂಡು ಆಡಿದರೆ ಕಣ್ಣು ಪಳಗುತ್ತದೆ. ಎದುರಾಳಿಯ ಕಾಲನ್ನಾಗಲಿ ಕೈಯನ್ನಾಗಲಿ ನೋಡಬೇಡಿ. ಅವನ ಎದೆಯ ಮೇಲೆ ದೃಷ್ಟಿಯಿಟ್ಟರೆ ಭುಜ, ಸೊಂಟ ಎರಡರ ಚಲನೆಯೂ ಒಟ್ಟಿಗೆ ಕಾಣುತ್ತದೆ. ಈ ಶೈಲಿ ಪಳಗಲು ವರ್ಷಗಳು ಬೇಕು. ವಯಸ್ಕರಾದ ಮೇಲೆ ಕಲಿಯಲು ಬಂದವರು ಇದನ್ನೇ ಗುರಿಯಾಗಿಟ್ಟುಕೊಂಡು ಬೇಸರಪಡುವುದು ಸಾಮಾನ್ಯ.

ಮುವಾಯ್ ಮತ್ ಗಿಡ್ಡ, ಗಟ್ಟಿ ಮೈಯವರಿಗೆ ಹೊಂದುತ್ತದೆ. ‘ಸಯಾಮಿನ ಉಕ್ಕಿನ ಕೈ’ ಎಂದು ಹೆಸರಾದ ಅನುವಾತ್ ಕೆವ್‌ಸಮ್ರಿತ್ ಇದರ ಒಳ್ಳೆಯ ಉದಾಹರಣೆ. ಭಾರವನ್ನು ಮುಂದಿನ ಕಾಲಿನ ಮೇಲೆ ತುಸು ಹೆಚ್ಚು ಹಾಕಿ ನಿಂತು, ಹೊಟ್ಟೆಗೆ ಎಡಗೈಯ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹಾಕುವ ಗುದ್ದು) ಕೊಟ್ಟು, ಎದುರಾಳಿ ಕೈ ಇಳಿಸಿದೊಡನೆ ಬಲಗಾಲಿನಿಂದ ತೊಡೆಗೆ ಒದೆಯುವುದು ಈ ಪಂಥದ ಹಳೆಯ ಜೋಡಿ. ಗುದ್ದಿಗೆ ಅಂಕ ಕಡಿಮೆಯಾದ್ದರಿಂದ ಇವರು ಕೆಡವಲೇಬೇಕು, ಇಲ್ಲವೇ ಎದುರಾಳಿಯ ಕಾಲನ್ನು ಕುಂಟಿಸಲೇಬೇಕು. ಬಾಕ್ಸಿಂಗ್ ತರಬೇತುದಾರರ ಬಳಿ ಪ್ರತ್ಯೇಕ ಅಭ್ಯಾಸ, ಭಾರದ ಬ್ಯಾಗು, ಒದೆಯನ್ನು ಕಣಕಾಲಿನಿಂದ ತಡೆದು ಅದೇ ಕಾಲನ್ನು ಮುಂದಿಟ್ಟು ಒಳನುಗ್ಗುವ ಹೆಜ್ಜೆ ಇವು ಬೇಕಾಗುತ್ತವೆ. ಮುವಾಯ್ ತೆ ಬಗ್ಗೆ ಇಷ್ಟು ಸಾಕು: ಎದುರಾಳಿಯ ತೋಳಿನ ಮೇಲೆಯೇ ಮತ್ತೆ ಮತ್ತೆ ಒದ್ದು ಅವನ ಗುದ್ದುವ ಶಕ್ತಿಯನ್ನೇ ಕುಂದಿಸುವುದು ಅದರ ಜಾಣತನ. 1960ರ ದಶಕದ ಅಪಿದೇಜ್ ಸಿತ್‌ಹಿರುನ್ ಅವರ ಒದೆಗಳು ಇಂದಿಗೂ ದಂತಕಥೆ.

ಈ ಮೂರರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಥಾಯ್ ಅಭಿಮಾನಿಗಳಲ್ಲಿ ಒಂದು ಚಕ್ರಾಕಾರದ ಉತ್ತರವಿದೆ. ಖಾವ್ ಫೀಮೂವನ್ನು ದಣಿಸಿ ಗೆಲ್ಲುತ್ತದೆ, ಫೀಮೂ ಮತ್ ಅನ್ನು ದೂರವಿಟ್ಟು ಗೆಲ್ಲುತ್ತದೆ, ಒಳಬರುವ ಖಾವ್ ಅನ್ನು ಮತ್ ದಾರಿಯಲ್ಲೇ ಹೊಡೆದು ಗೆಲ್ಲುತ್ತದೆ. 1982ರ ಡಿಸೆಂಬರ್‌ನಲ್ಲಿ ಡೀಸೆಲ್‌ನೋಯ್ ಮತ್ತು ಸಮಾರ್ಟ್ ಎದುರುಬದುರಾದಾಗ ಗೆದ್ದದ್ದು ಮೊಣಕಾಲೇ. ಆದರೆ ಅಂದು ಮೈಯಳತೆಯಲ್ಲಿಯೂ ದೊಡ್ಡ ಅಂತರವಿತ್ತು ಎಂಬುದನ್ನು ಮರೆತು ಆ ಪಂದ್ಯವನ್ನು ಸಾಕ್ಷಿಯಾಗಿ ಹಿಡಿಯುವುದು ನ್ಯಾಯವಲ್ಲ.

ನಿಯಮ ಬದಲಾದರೆ ಶೈಲಿಯ ಬೆಲೆಯೂ ಬದಲಾಗುತ್ತದೆ ಎಂಬುದನ್ನು ನೀವು ಗಮನಿಸಲೇಬೇಕು. ಮ್ಯಾನ್ಮಾರ್‌ನ ಹೋರಾಟ ಕಲೆಯಾದ ಲೆಥ್ವೇಯಲ್ಲಿ ಗ್ಲೌಸ್ ಇಲ್ಲ, ಕೈಗೆ ಬರಿಯ ಬಟ್ಟೆ ಸುತ್ತಿರುತ್ತದೆ, ತಲೆಯಿಂದ ಗುದ್ದುವುದಕ್ಕೂ ಅವಕಾಶವಿದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಇಬ್ಬರೂ ಕೊನೆಯವರೆಗೆ ನಿಂತಿದ್ದರೆ ಪಂದ್ಯ ಸಮ. ಅಂಕವೇ ಇಲ್ಲದಲ್ಲಿ ಫೀಮೂವಿನ ನಾಜೂಕಿಗೆ ಏನು ಕೆಲಸ? ಜಪಾನಿನ ಕೆ-1 ಎಂಬ ಕಿಕ್‌ಬಾಕ್ಸಿಂಗ್ ಪಂದ್ಯಗಳಲ್ಲಿ ಮೊಣಕೈ ನಿಷಿದ್ಧ, ಕ್ಲಿಂಚ್‌ಗೆ ಮಿತಿಯಿದೆ. ಅಲ್ಲಿ 2004 ಮತ್ತು 2006ರಲ್ಲಿ ಗೆದ್ದ ಥಾಯ್ ಹೋರಾಟಗಾರ ಬುವಾಕಾವ್ ತಮ್ಮ ಗುದ್ದುಗಳನ್ನು ಹರಿತಗೊಳಿಸಿಕೊಳ್ಳಬೇಕಾಯಿತು. 2023ರಿಂದ ಲುಂಪಿನಿಯಲ್ಲೇ ಪ್ರತಿ ಶುಕ್ರವಾರ ನಡೆಯುತ್ತಿರುವ ಒನ್ ಚಾಂಪಿಯನ್‌ಶಿಪ್ ಎಂಬ ಸಂಸ್ಥೆಯ ಪಂದ್ಯಗಳಲ್ಲಿ ಮೂರೇ ಸುತ್ತು, ನಾಲ್ಕು ಔನ್ಸ್‌ನ ಪುಟ್ಟ ಗ್ಲೌಸ್. ಅಳೆದು ನೋಡಲು ಅಲ್ಲಿ ಹೊತ್ತಿಲ್ಲವಾದ್ದರಿಂದ ರೋಡ್‌ಟಾಂಗ್‌ರಂಥ ಮುನ್ನುಗ್ಗಿ ಗುದ್ದುವವರು ಮಿಂಚುತ್ತಾರೆ.

ಹಾಗಾಗಿ ಮೊದಲ ಒಂದೆರಡು ವರ್ಷ ಎಲ್ಲವನ್ನೂ ಸಮವಾಗಿ ಕಲಿಯಿರಿ. ಆ ನಂತರ ನಿಮ್ಮ ಉದ್ದನೆಯ ಕಾಲಿಗೆ ತೀಪ್ ಮತ್ತು ಮೊಣಕಾಲನ್ನು ಮುಖ್ಯ ಅಸ್ತ್ರವಾಗಿಸಿಕೊಳ್ಳಬಹುದು. ಎತ್ತರದವರು ಹತ್ತಿರ ಹೋಗಲು ಹೆದರಿ ದೂರದಿಂದಲೇ ಒದೆಯುತ್ತ ಉಳಿಯುವುದು ಸಾಮಾನ್ಯ ದೋಷ. ಅದನ್ನು ತಿದ್ದಲು, ಸ್ಪಾರಿಂಗ್‌ನ ಪ್ರತಿ ಸುತ್ತಿನಲ್ಲೂ ಒಂದು ತೀಪ್ ಕೊಟ್ಟ ಕಾಲನ್ನು ಹಿಂದೆಳೆಯದೆ ಮುಂದಕ್ಕೇ ಇಳಿಸಿ ಕುತ್ತಿಗೆ ಹಿಡಿಯುವುದನ್ನು ರೂಢಿಸಿಕೊಳ್ಳಿ. ಕಣಕಾಲನ್ನು ಬಾಟಲಿಯಿಂದಲೋ ಕೋಲಿನಿಂದಲೋ ಉಜ್ಜಿ ಗಟ್ಟಿ ಮಾಡುವ ಸಾಹಸ ಬೇಡ, ಭಾರದ ಬ್ಯಾಗಿಗೆ ತಿಂಗಳುಗಟ್ಟಲೆ ಒದೆಯುವುದರಿಂದಲೇ ಅದು ಗಟ್ಟಿಯಾಗುತ್ತದೆ. ಜೊತೆಗಾರನ ಮೇಲೆ ಮೊಣಕೈ ಅಭ್ಯಾಸ ಮಾಡುವಾಗ ಮೊಣಕೈಗೆ ಪ್ಯಾಡ್ ಇರಲಿ. ಕ್ಲಿಂಚ್‌ನಲ್ಲಿ ಮೊಣಕಾಲಿನ ಚಿಪ್ಪಿನಿಂದ ಹೊಡೆಯದೆ ತೊಡೆಯ ಒಳಭಾಗದಿಂದ ತಟ್ಟಿದರೆ ಸಾಕು, ಪಕ್ಕೆಲುಬು ಮುರಿದುಕೊಂಡ ಜೊತೆಗಾರ ಮರುದಿನ ಅಭ್ಯಾಸಕ್ಕೆ ಬರುವುದಿಲ್ಲ.