ಬೇಸಿಗೆ ಇಂಟರ್ನ್‌ಶಿಪ್‌ಗೆ ಚಳಿಗಾಲದಲ್ಲೇ ಅರ್ಜಿ ಹಾಕ್ಬೇಕು

ಏಪ್ರಿಲ್ ಬಂತು ಅಂದ್ರೆ ನಮ್ಮ ದಾವಣಗೆರೆ ಕಾಲೇಜಿನ ಬಿ.ಎಸ್ಸಿ ಮಕ್ಕಳು ಸ್ಟಾಫ್ ರೂಮಿಗೆ ಬಂದು ಮೇಡಂ, ಈ ರಜೆಗೆ ಯಾವ್ದಾದ್ರೂ ರಿಸರ್ಚ್ ಇಂಟರ್ನ್‌ಶಿಪ್ ಇದ್ಯಾ ಅಂತಾರೆ. ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ಅಷ್ಟೊತ್ತಿಗೆ ಎಲ್ಲಾ ಮುಗಿದು ಹೋಗಿರುತ್ತೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸೋ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೆ ಸಾಮಾನ್ಯವಾಗಿ ಹಿಂದಿನ ಅಕ್ಟೋಬರ್-ನವೆಂಬರ್‌ನಲ್ಲೇ ಅರ್ಜಿ ಹಾಕಿರ್ಬೇಕು, ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆದೂ ಚಳಿಗಾಲದಲ್ಲೇ ಬರುತ್ತೆ. ಎರಡು ತಿಂಗಳ ಕೆಲಸ, ಸ್ಟೈಪೆಂಡ್ ಉಂಟು. ಎಂಬಿಬಿಎಸ್, ಬಿಡಿಎಸ್ ಓದೋರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಡೋ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ 1979ರಿಂದ್ಲೂ ಇದೆ, ಅದಕ್ಕೆ ಊರು ಬಿಡೋದೂ ಬೇಡ, ತಮ್ಮ ಕಾಲೇಜಿನ ಗೈಡ್ ಹತ್ರಾನೇ ಮಾಡ್ಬಹುದು.

ಇನ್ನೊಂದು ವಿಷಯ. ಗೂಗಲ್ ಮಾಡಿದ್ರೆ ಮೊದಲು ಸಿಗೋದು ಅಮೆರಿಕದವು. ಅಲ್ಲಿ ಅವಕಾಶ ಸಿಗದ ಸಮುದಾಯದ ಮಕ್ಕಳನ್ನ, ಮನೇಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದೋರನ್ನ ಬಯೋಮೆಡಿಕಲ್ ಲ್ಯಾಬಿಗೆ ಕರೀಬೇಕು ಅಂತಾನೇ ಪ್ರೋಗ್ರಾಂ ಮಾಡಿದಾರೆ, ಒಳ್ಳೇ ಕೆಲಸ. ಆದ್ರೆ ಸರ್ಕಾರಿ ದುಡ್ಡಲ್ಲಿ ನಡೆಯೋ ಬಹುಪಾಲಿಗೆ ಅಲ್ಲಿನ ಪೌರತ್ವ ಇಲ್ಲಾ ಗ್ರೀನ್ ಕಾರ್ಡ್ ಬೇಕು, ಫಾರಂ ತುಂಬೋಕೆ ಮುಂಚೆ ಅದನ್ನ ನೋಡ್ಕೊಳ್ಳಿ.

ನಮ್ಮ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಕ್ಕಳು ಹಿಂದೆ ಬೀಳೋದು ಅಂಕದಲ್ಲಿ ಅಲ್ಲ, ಅರ್ಜೀಲಿ ಯಾಕೆ ಬರ್ತೀಯ ಅಂತ ಕೇಳೋ ಆ ಒಂದು ಪುಟದ ಬರವಣಿಗೇಲಿ. ಮೊಳಕಾಲ್ಮೂರು ಕಡೆಯ ಒಬ್ಬ ಹುಡುಗಿ ತಂದಿದ್ದು, ಚಿಕ್ಕಂದಿನಿಂದ ಜೀವಶಾಸ್ತ್ರ ಅಂದ್ರೆ ಅಪಾರ ಆಸಕ್ತಿ, ದೇಶಸೇವೆ ಮಾಡೋ ಹಂಬಲ, ಹಿಂಗೇ ಪೂರ್ತಿ ನೆಟ್ಟಿಂದ ಎತ್ತಿದ್ದು. ಅದನ್ನ ಪಕ್ಕಕ್ಕಿಟ್ಟು ಊರಿನ ಬಗ್ಗೆ ಕೇಳಿದೆ. ಬೋರ್‌ವೆಲ್ ವರ್ಷ ವರ್ಷ ಆಳ ಹೋಗ್ತಾ ಇದೆ, ತಮ್ಮನ ಹಲ್ಲ ಮೇಲೆ ಕಂದು ಗೆರೆ ಇದಾವೆ, ನನ್ನ ಹಲ್ಲಿಗೆ ಅಷ್ಟಿಲ್ಲ, ಮದುವೆಯಾಗಿ ಬಂದ ಅಮ್ಮಂಗೆ ಏನೂ ಇಲ್ಲ ಅಂದ್ಳು. ಅದನ್ನೇ ಬರಿ ಅಂದ್ರೆ, ಅದು ಊರ ವಿಷಯ ಅಲ್ವಾ ಮೇಡಂ ಅಂತಾಳೆ!

ಅದೇ ವಿಜ್ಞಾನ ಕಣಮ್ಮ. ಹಲ್ಲ ಮೇಲೆ ಇಂಥ ಕಂದು ಗೆರೆ ಬರೋದು ಸಾಮಾನ್ಯವಾಗಿ ನೀರಲ್ಲಿ ಫ್ಲೋರೈಡ್ ಅನ್ನೋ ಲವಣಾಂಶ ಜಾಸ್ತಿ ಆದಾಗ. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಗ್ರಾನೈಟ್ ಬಂಡೆಯ ಸಂದಿಲಿ ಬಹಳ ಕಾಲ ನಿಂತ ನೀರಿಗೆ ಅದು ಹೆಚ್ಚು ಸೇರ್ಕೊಳ್ಳುತ್ತೆ. ಹಲ್ಲಿನ ಎನಾಮಲ್, ಅಂದ್ರೆ ಗಟ್ಟಿ ಹೊರಪದರ, ಕಟ್ಟೋದು ಬಾಲ್ಯದಲ್ಲಿ, ಅದಕ್ಕೇ ದೊಡ್ಡೋರಾದ ಮೇಲೆ ಈ ನೀರು ಕುಡಿಯೋಕೆ ಶುರು ಮಾಡಿದೋರ ಹಲ್ಲಿಗೆ ಕಲೆ ಬೀಳಲ್ಲ. ಅಮ್ಮಂದು ಅರ್ಥ ಆಯ್ತು. ಆದ್ರೆ ಒಂದೇ ಮನೆ, ಒಂದೇ ನೀರು, ಅಕ್ಕಂಗೂ ತಮ್ಮಂಗೂ ಯಾಕೆ ವ್ಯತ್ಯಾಸ? ಊಟದಲ್ಲಿ ಕ್ಯಾಲ್ಸಿಯಂ ಎಷ್ಟಿತ್ತು, ಯಾವ ವಯಸ್ಸಲ್ಲಿ ಯಾವ ಬೋರಿನ ನೀರು ಕುಡಿದ್ರು, ವಂಶವಾಹಿಯ ಪಾತ್ರ ಇದ್ಯಾ, ಇದನ್ನೆಲ್ಲ ಕೇಳೋ ಹುಡುಗಿ ಲ್ಯಾಬಿಗೆ ಬೇಕಾದೋಳು. ಅವಳೇ ಕೂತು ಹೊಸದಾಗಿ ಬರೆದ್ಳು, ಇಂಗ್ಲಿಷಲ್ಲಿ ತಪ್ಪಿದ್ವು, ತಿದ್ದೋಕೆ ಎಷ್ಟೊತ್ತು ಬೇಕು? ಸರಕು ಮಾತ್ರ ಪೂರ್ತಿ ಅವಳದ್ದೇ.

ಲೆಕ್ಚರರ್ ಮಿತ್ರರಿಗೂ ಒಂದು ಮಾತು. ಶಿಫಾರಸು ಪತ್ರಕ್ಕೆ ಎಲ್ಲರಿಗೂ ಅದೇ ಮೂರು ಸಾಲು, ಹೆಸರು ಮಾತ್ರ ಬದಲಾಯಿಸಿ ಕಳಿಸ್ಬೇಡಿ. ಈ ಹುಡುಗ ಲ್ಯಾಬಲ್ಲಿ ಟೈಟ್ರೇಶನ್ ಪ್ರಯೋಗದ ಲೆಕ್ಕ ತಾಳೆ ಆಗ್ಲಿಲ್ಲ ಅಂತ ಸಂಜೆ ನಿಂತು ಮತ್ತೆ ಮಾಡಿದ, ಇಷ್ಟು ಬರೆದ್ರೂ ಅಲ್ಲಿ ಓದೋರಿಗೆ ಮಗು ಕಣ್ಣಿಗೆ ಕಾಣುತ್ತೆ.

ಸೆಲೆಕ್ಟ್ ಆದ್ಮೇಲೆ ಮನೆ ಪ್ರಶ್ನೆ. ಮೇಡಮ್ಮೋರೆ, ಎರಡು ತಿಂಗ್ಳು ಹುಡುಗಿ ಒಬ್ಳೇ ಬೆಂಗ್ಳೂರಾಗೆ ಹೆಂಗಿರ್ತಾಳೆ ಅಂತ ಅಪ್ಪ ಕೇಳೋದ್ರಲ್ಲಿ ತಪ್ಪೇನಿಲ್ಲ, ಹಾಸ್ಟೆಲ್ ಎಲ್ಲಿ, ಗೈಡ್ ಯಾರು, ಫೋನ್ ನಂಬರ್ ಏನು ಅಂತ ಕೂತು ಹೇಳಿದ್ರೆ ಒಪ್ತಾರೆ. ಸೆಮಿಸ್ಟರ್ ಪರೀಕ್ಷೆ ಅಡ್ಡ ಬರೋ ಹಂಗಿದ್ರೆ ಸೇರೋ ತಾರೀಖು ಹಿಂದೆಮುಂದೆ ಮಾಡೋಕೆ ಆಗುತ್ತಾ ಅಂತ ಗೈಡ್‌ಗೆ ಮೊದಲೇ ಮೇಲ್ ಹಾಕಿ ಕೇಳ್ಬೇಕು. ದುಡ್ಡಿಂದು ಮಾತ್ರ ಕಷ್ಟ, ಸ್ಟೈಪೆಂಡ್ ಹೋದ ದಿನಾನೇ ಕೈಗೆ ಬರಲ್ಲ, ಟಿಕೆಟ್ಟು ಊಟ ರೂಮು ಎಲ್ಲಾ ಮೊದಲು ನಮ್ಮದೇ. ಈ ಕಾರಣಕ್ಕೇ ಬಂದ ಸೀಟು ಬಿಟ್ಟ ಮಕ್ಕಳಿದಾರೆ. ನಮ್ಮಲ್ಲಿ ಓದಿ ಈಗ ಬೆಂಗಳೂರಲ್ಲಿ ಕೆಲಸದಲ್ಲಿರೋ ಹಳೇ ವಿದ್ಯಾರ್ಥಿಗಳು ಒಬ್ಬೊಬ್ರು ಒಂದೊಂದು ಮಗುವಿನ ಮೊದಲ ತಿಂಗಳ ಖರ್ಚನ್ನ ಕೈಸಾಲವಾಗಿ ಕೊಟ್ರೂ ಸಾಕು, ಸ್ಟೈಪೆಂಡ್ ಬಂದ ಮೇಲೆ ವಾಪಸ್ ಕೊಡ್ತಾರೆ, ನವೆಂಬರ್ ಒಳಗೆ ಕಾಲೇಜಿಗೆ ಬಂದು ಮಾತಾಡಿ.