ಸೂರ್ಯನ ಮೇಲೆ ಗಾಳಿ ಯಾವ ಕಡೆ ಬೀಸುತ್ತದೆ?

2019ರ ಡಿಸೆಂಬರ್ 26ರ ಬೆಳಿಗ್ಗೆ ದಕ್ಷಿಣ ಕೊಡಗಿನ ಕುಟ್ಟದ ಕಡೆ ಕಂಕಣ ಗ್ರಹಣ. ಕಾಫಿ ಕೊಯ್ಲಿನ ಕಾಲ, ಕಣದಲ್ಲಿ ಹರಡಿದ ಹಣ್ಣಿಗೆ ಬಿಸಿಲು ಬೇಕೇ ಬೇಕಾದ ದಿನಗಳು. ಆಗ ಸೂರ್ಯ ಎರಡು ಮೂರು ನಿಮಿಷ ಬಳೆಯಷ್ಟೇ ಉಳಿದ. ಆ ಬಳೆಯ ಬೆಳಕೇ ಜಾಸ್ತಿ. ಹಾಗಾಗಿ ಸೂರ್ಯನ ಹೊರ ವಾತಾವರಣವಾದ ಕರೋನಾ ಕಾಣಲಿಲ್ಲ. ಬರಿಗಣ್ಣಿಗೆ ಅದು ಕಾಣುವುದು ಪೂರ್ಣ ಗ್ರಹಣದಲ್ಲಿ ಮಾತ್ರ.

ಕಂಡರೂ, 15 ಕೋಟಿ ಕಿಲೋಮೀಟರ್ ದೂರದ ಪ್ಲಾಸ್ಮಾ (ಕಾವಿಗೆ ಎಲೆಕ್ಟ್ರಾನ್ ಕಳಚಿಕೊಂಡ ಅನಿಲ) ಎತ್ತ ಹರಿಯುತ್ತಿದೆ ಅಂತ ತಿಳಿಯುವುದು ಹೇಗೆ?

ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುನಡುವೆ ಸಣ್ಣ ಕಪ್ಪು ಗೆರೆಗಳಿರುತ್ತವೆ. 1814ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಅವನ್ನು ಗುರುತಿಸತೊಡಗಿದರು. ಒಂದೊಂದು ಧಾತುವಿಗೂ ಅದರದೇ ಗೆರೆಗಳು. ಕೊಡಗಿನಲ್ಲಿ ರೈಲಿಲ್ಲ, ಬಸ್ಸನ್ನೇ ನೆನೆಸಿಕೊಳ್ಳಿ. ಹತ್ತಿರ ಬರುವಾಗ ಹಾರ್ನ್ ಕೀರಲಾಗಿರುತ್ತದೆ, ದಾಟಿದ ಮೇಲೆ ದಪ್ಪವಾಗುತ್ತದೆ, ಅಲ್ವಾ? ಬೆಳಕೂ ಹಾಗೆಯೇ. ನಮ್ಮತ್ತ ಬರುವ ಅನಿಲದ ಗೆರೆ ನೀಲಿಯ ಕಡೆ ಸರಿಯುತ್ತದೆ, ದೂರ ಹೋಗುವುದರ ಗೆರೆ ಕೆಂಪಿನ ಕಡೆ.

1909ರ ಜನವರಿಯಲ್ಲಿ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಸೂರ್ಯನ ಕಲೆಗಳ ಗೆರೆಗಳನ್ನು ನೋಡುತ್ತಿದ್ದರು. ಕಲೆ ಅಂದರೆ ದೊಡ್ಡ ಸುಳಿ ಎಂಬ ಊಹೆ ಆಗ ಇತ್ತು. ಹಾಗಿದ್ದರೆ ಅನಿಲ ಕಲೆಯ ಸುತ್ತ ತಿರುಗಬೇಕಿತ್ತು. ಅವರಿಗೆ ಕಂಡದ್ದು ಬೇರೆ. ಕಲೆಯ ಮಸುಕಾದ ಅಂಚಿನಲ್ಲಿ, ಸೂರ್ಯನ ನಡುವಿನ ಕಡೆಗಿದ್ದ ಭಾಗದಲ್ಲಿ ಗೆರೆ ನೀಲಿಗೆ ಸರಿದಿತ್ತು, ಆಚೆ ಬದಿಯಲ್ಲಿ ಕೆಂಪಿಗೆ. ಅನಿಲ ಕಲೆಯ ಒಳಗಿನಿಂದ ಹೊರಕ್ಕೆ, ಮೇಲ್ಮೈಗುಂಟ ಹರಿಯುತ್ತಿತ್ತು! ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್. ಅಷ್ಟಕ್ಕೆ ಗೆರೆ ಸರಿಯುವುದು ತನ್ನ ತರಂಗಾಂತರದ ಒಂದೂವರೆ ಲಕ್ಷದಲ್ಲಿ ಒಂದು ಪಾಲು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಹಿಡಿದ ತಾಳ್ಮೆ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಎವರ್‌ಶೆಡ್ ಪರಿಣಾಮ ಎಂದೇ ಹೆಸರು.

ಕರೋನಾದ ಕತೆ ಇನ್ನೂ ಗೋಜಲು. 1869ರ ಗ್ರಹಣದಲ್ಲಿ ಕಂಡ ಹಸಿರು ಗೆರೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು ಕರೋನಿಯಂ ಅಂದರು. ಅದು 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಎಂದು ತಿಳಿಯಲು ಸುಮಾರು 70 ವರ್ಷ ಹಿಡಿಯಿತು. ಕಬ್ಬಿಣ ಹಾಗಾಗಲು ಹತ್ತು ಲಕ್ಷ ಡಿಗ್ರಿ ಮೀರಿದ ಕಾವು ಬೇಕು. ಸೂರ್ಯನ ಮೇಲ್ಮೈಯಲ್ಲಿರುವುದು ಸುಮಾರು 5500 ಡಿಗ್ರಿ. ಒಲೆಯಿಂದ ದೂರ ಹೋದಷ್ಟೂ ಸೆಕೆ ಏರಿದ ಹಾಗೆ. ಯಾಕೆ ಹೀಗೆ ಎಂಬುದು ಪೂರ್ತಿ ಬಗೆಹರಿದಿಲ್ಲ. ಅಲ್ಲಿನ ಪ್ಲಾಸ್ಮಾದ ಚಲನೆಯನ್ನು ಇಷ್ಟು ಹಟ ಹಿಡಿದು ಅಳೆಯುವುದು ಅದಕ್ಕೇ.

2023ರ ಸೆಪ್ಟೆಂಬರ್ 2ರಂದು ಹಾರಿದ, ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯ-ಎಲ್1ರಲ್ಲಿ ಅದೇ ಹಸಿರು ಗೆರೆಯನ್ನು ನೋಡುವ ಉಪಕರಣವಿದೆ. ಕೊಡೈಕೆನಾಲ್ ವೀಕ್ಷಣಾಲಯವನ್ನು ನಡೆಸುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೇ ಅದನ್ನೂ ಕಟ್ಟಿದ್ದು. ಸೂರ್ಯಬಿಂಬದ ಬೆಳಕನ್ನು ಅದು ಒಳಗೇ ಬೇರೆ ಮಾಡಿ ಬಿಡುತ್ತದೆ. ಗ್ರಹಣಕ್ಕೆ ಕಾಯಬೇಕಿಲ್ಲ. ಗೆರೆ ಎತ್ತ, ಎಷ್ಟು ಸರಿಯಿತು ಎಂದು ನೋಡಿ ಕರೋನಾದ ಹರಿವನ್ನು ಲೆಕ್ಕ ಹಾಕುತ್ತಾರೆ.